ಬೈತಖೋಲದ ಅಕ್ಕೋರು

ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಎಳೆಯುವವರಲ್ಲಿ ಈಗ ಹಲವರು ಒಡಿಶಾ, ಜಾರ್ಖಂಡ್‌ಗಳಿಂದ ಬಂದವರು. ನಮ್ಮ ಕೇರಿಯ ನಿವೃತ್ತ ಶಿಕ್ಷಕಿಯೊಬ್ಬರು ನಿನ್ನೆ ಸಂಜೆ ಅಲ್ಲಿ ಕುಳಿತು, ಆ ಕಾರ್ಮಿಕರು ತಮ್ಮೂರಿನ ಪಡಿತರ ಚೀಟಿಯ ಮೇಲೆಯೇ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆರಳೊತ್ತಿ ಧಾನ್ಯ ಪಡೆಯಬಹುದೆಂಬುದನ್ನು ತಮಗೆ ಬರುವಷ್ಟು ಹಿಂದಿಯಲ್ಲಿ ಮತ್ತೆ ಮತ್ತೆ ಬಿಡಿಸಿ ಹೇಳುತ್ತಿದ್ದರು. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನೂ ತಮ್ಮ ಮೊಬೈಲಿನಲ್ಲೇ ಮಾಡಿಕೊಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಆ 61 ದಿನಗಳಲ್ಲಿ, ಊರಿಗೆ ಮರಳಲಾಗದೆ ಇಲ್ಲೇ ಉಳಿಯುವವರ ಹೆಸರುಗಳೆಲ್ಲ ಅವರ ನೋಟುಪುಸ್ತಕದಲ್ಲಿವೆ. ನಮ್ಮ ಮನೆಯವರೂ ಒಂದು ಕಾಲಕ್ಕೆ ಮುಂಬಯಿಗೆ ಹೊಟ್ಟೆಪಾಡಿಗೆಂದು ಹೋದವರೇ. ಅಲ್ಲಿ ಗುರುತಿಲ್ಲದವರು ಕರೆದು ಬಡಿಸಿದ ಊಟವನ್ನು ಅಜ್ಜ ಕೊನೆಯವರೆಗೂ ನೆನೆಯುತ್ತಿದ್ದರು. ಹೊರಡುವಾಗ ಹುಡುಗನೊಬ್ಬ, ಈಗಷ್ಟೇ ಕಲಿತ ಕನ್ನಡದಲ್ಲಿ, “ಅಕ್ಕೋರೆ, ನಾಳೆ ತಮ್ಮನನ್ನೂ ಕರ್ಕೊಂಡು ಬರ್ತೇನೆ” ಎಂದ.