ಮೂಲೆಯಲ್ಲಿ ಅಡಗಿದ ಆಲ್ಟರ್ನೇಟರ್ ಬಿಚ್ಚುವಾಗ

ಮಲ್ಪೆ, ಪಣಂಬೂರು ಕಡೆ ಓಡಾಡಿದ ಕಾರಿನ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಬಿಚ್ಚುವಾಗ ಜಾಗದ ಕೊರತೆಗಿಂತ ತುಕ್ಕಿನ ಕಾಟವೇ ಹೆಚ್ಚು. ಉಪ್ಪುಗಾಳಿಗೆ ಸ್ಟೀಲ್ ಬೋಲ್ಟ್ ಆಲ್ಟರ್ನೇಟರಿನ ಅಲ್ಯುಮಿನಿಯಂ ಕಿವಿಯೊಳಗೆ (ಬೋಲ್ಟ್ ಹಾಯುವ ತೂತಿರುವ ಚಾಚು) ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಬೆಲ್ಟಿಗೆ ಬಟ್ಟೆ ಮುಚ್ಚಿ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಆಲ್ಟರ್ನೇಟರಿನ ಹಿಂದಿನ ದಪ್ಪ ವೈರಿನಲ್ಲಿ ಕೀ ತೆಗೆದರೂ ಕರೆಂಟು ಇರುತ್ತದೆ. ಸ್ಪ್ಯಾನರ್ ಎಂಜಿನ್ನಿಗೆ ತಾಗಿದರೆ ಕಿಡಿ ಹಾರುತ್ತದೆ.

ಮೇಲಿಂದ ಕೈ ಹೋಗದಿದ್ದರೆ ಬೆಲ್ಟ್ ಬದಿಯ ಮುಂದಿನ ಚಕ್ರ, ಒಳಗಿನ ಪ್ಲಾಸ್ಟಿಕ್ ಮರೆ ತೆಗೆದು ಅಲ್ಲಿಂದ ಕೈಹಾಕಿ. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಮಳೆಗಾಲದ ಅಂಗಳದಲ್ಲಿ ಅದೂ ಹೂತುಹೋಗುತ್ತದೆ, ಅಡಿಗೆ ಹಲಗೆ ಬೇಕು.

ಬೆಲ್ಟ್ ಸುತ್ತಿದ ದಾರಿಯ ಫೋಟೋ ತೆಗೆದು, ಸಡಿಲಿಸಿ ಕಳಚಿ. ಕೆಳಗಿನ ಉದ್ದ ಬೋಲ್ಟ್, ಹೆಚ್ಚಾಗಿ 12 ಅಥವಾ 14 ಎಂಎಂ ಸ್ಪ್ಯಾನರಿನದು, ಕೆಲವು ಕಾರುಗಳಲ್ಲಿ ಅರ್ಧ ಬಂದು ಕಾರಿನ ಬಾಡಿಯ ತಗಡಿಗೆ ತಾಗಿ ನಿಲ್ಲುತ್ತದೆ. ಎಳೆದಾಡಿ ಪ್ರಯೋಜನವಿಲ್ಲ. ಎಂಜಿನ್ನಿಗೆ ಅಡಿಯಿಂದ ಮರದ ತುಂಡಿಟ್ಟು ಜಾಕ್ ಆನಿಸಿ, ಆ ಬದಿಯಲ್ಲಿ ಎಂಜಿನ್ ಹಿಡಿದಿಡುವ ಮೌಂಟ್ ಬಿಚ್ಚಿ, ತುಸು ಎತ್ತಿದರೆ ಅಥವಾ ಇಳಿಸಿದರೆ ದಾರಿ ಸಿಗುತ್ತದೆ.

ಬೋಲ್ಟ್ ಬಂದರೂ ಆಲ್ಟರ್ನೇಟರ್ ಅಲುಗದಿದ್ದರೆ ಕಿವಿಯೊಳಗಿನ ಸ್ಟೀಲ್ ಬುಶ್ (ಸಣ್ಣ ಕೊಳವೆ) ಎಂಜಿನ್ನಿನ ಬ್ರಾಕೆಟನ್ನು ಬಿಗಿಯಾಗಿ ಹಿಡಿದಿದೆ ಎಂದರ್ಥ. ಮೆಲ್ಲಗೆ ಮೀಟಿ. ಸುತ್ತಿಗೆಯಲ್ಲಿ ಜೋರಾಗಿ ಬಡಿದರೆ ಕಿವಿ ಮುರಿಯುತ್ತದೆ. ಹೊಸದನ್ನು ಕೂರಿಸುವ ಮೊದಲು ಅದರ ಬುಶ್ಶನ್ನು 1-2 ಎಂಎಂ ಹಿಂದೆ ಸರಿಸಿ, ಬ್ರಾಕೆಟಿನಲ್ಲಿ ಸಲೀಸಾಗಿ ಕೂರುತ್ತದೆ. ಎಂಜಿನ್ ಸ್ಟಾರ್ಟ್ ಆದ ಮೇಲೆ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಕಾಣಬೇಕು.