ಹತ್ತು ಲಕ್ಷ ಲುಮೆನ್ ಮತ್ತು ಒಂದು ಪೆನ್ಸಿಲ್ ಸೆಲ್

ಪುಣೆಯಲ್ಲಿ ಗುರುವಾರ ಕರೆಂಟ್ ಹೋದರೆ ಯಾರೂ ಗಾಬರಿಯಾಗುವುದಿಲ್ಲ. ರಿಪೇರಿಗೆಂದು ಒಂದಲ್ಲ ಒಂದು ಏರಿಯಾದಲ್ಲಿ ಲೈನ್ ತೆಗೆಯುವ ದಿನ ಅದು. ಧಾಯರಿಯ ನಮ್ಮ ಬಿಲ್ಡಿಂಗಿನಲ್ಲಿ ಜನರೇಟರ್ ಲಿಫ್ಟಿಗೆ ಮಾತ್ರ. ಬೇಸ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಮಧ್ಯಾಹ್ನವೇ ಕತ್ತಲು. ಅಲ್ಲಿ ಎಲ್ಲರೂ ಮೊಬೈಲ್ ಹಿಡಿದು ತಮ್ಮ ತಮ್ಮ ಗಾಡಿ ಹುಡುಕುತ್ತಾರೆ.

ಒಂದು ಟಾರ್ಚ್ ತಗೊಳ್ಳೋಣ ಅಂತ ನನಗೆ ಅನ್ನಿಸಿತ್ತು. ಮೊಬೈಲ್ ಇರುವಾಗ ಟಾರ್ಚ್ ಯಾಕೆ ಅಂತ ನನ್ನ ಹೆಂಡತಿಯೂ ಕೇಳಿದಳು. ಮೊಬೈಲ್ ಬೆಳಕು ಎದುರಿಗೆ ಅಗಲಕ್ಕೆ ಹರಡಿಬಿಡುತ್ತದೆ. ಅದನ್ನು ಒಟ್ಟು ಮಾಡಿ ಮುಂದೆ ಕಳಿಸಲು ಒಳಗೆ ಬಟ್ಟಲಿನಂಥ ರಿಫ್ಲೆಕ್ಟರ್ ಇಲ್ಲ. ನಾಲ್ಕು ಹೆಜ್ಜೆ ಆಚೆ ಏನೂ ಕಾಣುವುದಿಲ್ಲ. ಕಾಲ್ ಬಂದರೆ ಬೆಳಕೇ ಕಿವಿಗೆ ಹೋಗಿ ಕೂರುತ್ತದೆ. ಮಳೆಯಲ್ಲಿ ಕೈ ಜಾರಿದರೆ ಹೋಗುವುದು ಇಪ್ಪತ್ತು ಸಾವಿರದ ವಸ್ತು. ಇಷ್ಟು ಹೇಳಿದ ಮೇಲೂ ಅವಳಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ, ಅದು ಬೇರೆ ಮಾತು.

ನಮ್ಮ ಮೇಲಿನ ಮನೆಯ ಕಾಕಾ ನಿಪ್ಪಾಣಿ ಕಡೆಯವರು. ನೌಕರಿಯಿಂದ ನಿವೃತ್ತರಾಗಿ ಎಷ್ಟೋ ವರ್ಷ ಆಯಿತು. ಭಾನುವಾರ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಸಿಂಹಗಡ ಕೋಟೆಯ ಬೆಟ್ಟ ಹತ್ತುವುದು ಅವರ ವ್ರತ. ಪುಣೆಯಲ್ಲಿ ಇಂಥ ಹಿರಿಯರು ಬಹಳ. ಅರ್ಧ ವಯಸ್ಸಿನವರು ಏದುಸಿರು ಬಿಡುತ್ತಾ ಕೂತಿದ್ದರೆ ಇವರು ಪಕ್ಕದಲ್ಲೇ ಮಾತಾಡುತ್ತಾ ಹತ್ತಿ ಹೋಗುತ್ತಾರೆ. ಅವರ ಹಳೆಯ ಟಾರ್ಚ್ ಕೆಟ್ಟಿತ್ತು. "ತಮ್ಮಾ, ನೀನೂ ತಗೋಬೇಕು ಅಂತಿದ್ದೆಲ್ಲಾ, ನಡಿ, ತಾಪಕೀರ್ ಗಲ್ಲಿಗೆ ಹೋಗಿ ಬರೋಣ" ಅಂದರು. ಜುಲೈ ತಿಂಗಳ ಶನಿವಾರ, ಹೊರಗೆ ಜಿಟಿಜಿಟಿ ಮಳೆ. ಸ್ವಾರಗೇಟ್‌ವರೆಗೆ ಬಸ್ಸು, ಅಲ್ಲಿಂದ ಮೆಟ್ರೋದಲ್ಲಿ ಒಂದೇ ಸ್ಟಾಪ್, ಮಂಡಈ. ಮೇಲೆ ಬಂದರೆ ಪೇಟೆ ನಡುವೆಯೇ ಇರುತ್ತೀರಿ.

ತಾಪಕೀರ್ ಗಲ್ಲಿ ಬುಧವಾರ ಪೇಟೆಯಲ್ಲಿದೆ. ವೈರು, ಸ್ವಿಚ್ಚು, ಫ್ಯಾನು, ದೀಪಾವಳಿ ಸರ, ಮೋಟಾರ್ ವೈಂಡಿಂಗ್ ತಂತಿ, ಕರೆಂಟಿಗೆ ಸಂಬಂಧಪಟ್ಟಿದ್ದು ಏನು ಬೇಕಾದರೂ ಸಿಗುತ್ತದೆ. ಗಲ್ಲಿ ಅಗಲ ಮಾತ್ರ ಎರಡು ಕೈಗಾಡಿ ಎದುರಾಬದುರು ಬಂದರೆ ಜಗಳ ಆಗುವಷ್ಟು.

ಮೊದಲ ಅಂಗಡಿಯಲ್ಲಿ ಕಾಕಾ ಚೀಲದಿಂದ ಹಳೆಯ ಟಾರ್ಚ್ ತೆಗೆದು ಕೌಂಟರ್ ಮೇಲೆ ಇಟ್ಟರು. ಹಿಂದಿನ ಮುಚ್ಚಳ ತಿರುಗುತ್ತಲೇ ಇರಲಿಲ್ಲ. ಸಂದಿಯಲ್ಲಿ ಬಿಳಿ ಪುಡಿ ಕಟ್ಟಿತ್ತು. ಅಂಗಡಿಯವನು ನೋಡಿದ ತಕ್ಷಣ "ಸೆಲ್ ಒಳಗೇ ಬಿಟ್ಟಿದ್ದೀರಿ" ಅಂದ. ಅಗ್ಗದ ಸಾದಾ ಸೆಲ್‌ನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಒಂದು ಧ್ರುವ. ಕರೆಂಟ್ ಕೊಡುತ್ತಾ ಕೊಡುತ್ತಾ ಆ ಡಬ್ಬಿಯೇ ಸವೆಯುತ್ತದೆ. ಕೊನೆಗೆ ತೂತು ಬಿದ್ದು ಒಳಗಿನ ರಸ ಹೊರಗೆ. ಆಲ್ಕಲೈನ್ ಸೆಲ್ ರಚನೆ ಬೇರೆ, ಆದರೆ ಖಾಲಿಯಾದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಅದೂ ಸೋರುತ್ತದೆ. ಟಾರ್ಚ್ ಕೆಳಗೆ ಬಿದ್ದು ಒಡೆಯುವುದಕ್ಕಿಂತ ಡ್ರಾಯರ್‌ನಲ್ಲಿ ಸುಮ್ನೆ ಮಲಗಿದ್ದೇ ಹಾಳಾಗುವುದು ಜಾಸ್ತಿ. ಗಟ್ಟಿಮುಟ್ಟು ಅಂತ ಮೈ ಮಾತ್ರ ನೋಡುವವರು ಇದನ್ನು ಮರೆಯುತ್ತಾರೆ.

ಆಮೇಲೆ ಅವನು ತನ್ನ ಮಾಲು ಹರಡಿದ. ಒಂದರ ಡಬ್ಬಿ ಮೇಲೆ ಹತ್ತು ಲಕ್ಷ ಲುಮೆನ್ ಅಂತ ದಪ್ಪಕ್ಷರ. ಲುಮೆನ್ ಅಂದರೆ ಬೆಳಕಿನ ಅಳತೆ. ಬೆಲೆ ನಾನ್ನೂರು ರೂಪಾಯಿ. ನನಗೆ ನಗು ತಡೆಯಲಿಲ್ಲ. ಮನೆಯಲ್ಲಿ ಹಾಕುವ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಕೊಡುವುದು ಹೆಚ್ಚುಕಡಿಮೆ 900 ಲುಮೆನ್. ಅಂದರೆ ಈ ಟಾರ್ಚಿನಲ್ಲಿ ಸಾವಿರಕ್ಕೂ ಹೆಚ್ಚು ಬಲ್ಬುಗಳ ಬೆಳಕು ಇರಬೇಕು, ಅದೂ ಹೆಬ್ಬೆರಳಿನಷ್ಟು ದಪ್ಪದ ಒಂದೇ ಸೆಲ್‌ನಿಂದ! "ಆ ಡಬ್ಬಿ ಛಾಪಿಸಿದವನಿಗೆ ಸೊನ್ನೆ ಫುಕ್ಕಟ್ ಸಿಕ್ಕಿರಬೇಕು" ಅಂದರು ಕಾಕಾ.

ಒಳಗಿನ ಸೆಲ್ ತೆಗೆಸಿದೆ. 18650 ಅನ್ನುವ ಜಾತಿಯ ಲಿಥಿಯಂ ಸೆಲ್ ಅದು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರಿನಲ್ಲೇ ಅಳತೆ ಇದೆ. ಅದರ ಮೇಲೆ 9900 ಎಂಎಎಚ್ ಅಂತ ಬರೆದಿತ್ತು, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ. ಹೆಸರುವಾಸಿ ಕಂಪನಿಗಳ ಸೆಲ್ ಕೂಡ ಈ ಅಳತೆಯಲ್ಲಿ 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತದೆ. ಅಂಗಡಿಯವನ ಜೊತೆ ವಾದ ಯಾಕೆ ಅಂತ ಪಕ್ಕದ ಅಂಗಡಿಗೆ ಹೋದೆವು. ಅಲ್ಲಿ ತಾಮ್ರದ ವೈಂಡಿಂಗ್ ತಂತಿಯನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ, ತಕ್ಕಡಿ ಇದ್ದೇ ಇರುತ್ತದೆ. ಸೆಲ್ ಇಟ್ಟು ನೋಡಿದರೆ 28 ಗ್ರಾಂ. ಒಳ್ಳೆಯ 18650 ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ತೂಕ ಇಲ್ಲದ ಕಡೆ ಸರಕೂ ಇಲ್ಲ. ಜೊತೆಗೆ ಬಂದಿದ್ದ ಅಂಗಡಿಯ ಹುಡುಗ ಸೆಲ್ ತೆಗೆದು ಜೇಬಿಗೆ ಹಾಕಿಕೊಂಡು, ಮುಖ ಆ ಕಡೆ ತಿರುಗಿಸಿ ಹೊರಟ.

ಎರಡನೆಯ ಟಾರ್ಚ್ ಅಂಗಡಿಯವರು ಬೇರೆ ತರಹದವರು. ಕಡಿಮೆ ಮಾತು. ನಾಲ್ಕೈದು ಟಾರ್ಚ್ ಇಟ್ಟು "ಕೆಲಸ ಏನು ಹೇಳಿ, ಆಮೇಲೆ ತೋರಿಸುತ್ತೇನೆ" ಅಂದರು. ಇವುಗಳ ಡಬ್ಬಿ ಮೇಲೆ ಎಎನ್‌ಎಸ್‌ಐ ಎಫ್‌ಎಲ್ 1 ಅಂತ ಸಣ್ಣ ಚಿಹ್ನೆಗಳಿದ್ದವು. ಅಮೆರಿಕದಲ್ಲಿ 2009ರಲ್ಲಿ ಬಂದ ಅಳತೆಯ ನಿಯಮ ಅದು. ಲುಮೆನ್ ಅಂದರೆ ಟಾರ್ಚ್ ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಅನ್ನುವ ಲೆಕ್ಕ. ಹಚ್ಚಿ 30 ಸೆಕೆಂಡ್ ಆದ ಮೇಲೇ ಅಳೆಯಬೇಕು. ಕ್ಯಾಂಡೆಲಾ ಅಂದರೆ ನಡುವಿನ ಕಿರಣ ಎಷ್ಟು ಪ್ರಖರ ಅನ್ನುವುದು. ದೂರವನ್ನು ಈ ಕ್ಯಾಂಡೆಲಾದಿಂದಲೇ ಲೆಕ್ಕ ಹಾಕುತ್ತಾರೆ. ದೂರ ಎರಡರಷ್ಟು ಆಗಬೇಕಾದರೆ ಕಿರಣ ನಾಲ್ಕರಷ್ಟು ಪ್ರಖರವಾಗಬೇಕು. ಒಂದರ ಮೇಲೆ 500 ಮೀಟರ್ ಅಂತ ಇತ್ತು. ಅಷ್ಟು ದೂರದಲ್ಲಿ ಬೆಳಕು ಕಾಲು ಲಕ್ಸ್‌ಗೆ ಇಳಿದಿರುತ್ತದೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು, ಅಂತ ಕಾಕಾಗೆ ಹೇಳಿದೆ.

"ಹಂಗಾರ ಹುಣ್ಣಿಮಿ ದಿವಸ ಇದಕ್ಕ ಐದುನೂರು ಮೀಟರಿನ ಆಚೆ ಕಿಮ್ಮತ್ತಿಲ್ಲ ಅನ್ನು."

ಕಾಕಾ ಹೇಳಿದ್ದು ಸರಿಯೇ. ಕಾತ್ರಜ್‌ನಿಂದ ಸಿಂಹಗಡಕ್ಕೆ ರಾತ್ರಿ ನಡೆಯುವ ಹುಡುಗರು ಹುಣ್ಣಿಮೆ ನೋಡಿಕೊಂಡು ಹೊರಡುವುದು ಸುಮ್ನೆ ಅಲ್ಲ. ನಮಗಂತೂ ಐನೂರು ಮೀಟರ್ ಆಚೆ ನೋಡುವ ಕೆಲಸವೇ ಇಲ್ಲ. ಹೊಲ ಕಾಯುವವರಿಗೆ ಬೇಕು. ಬೇಸ್‌ಮೆಂಟಿನಲ್ಲಿ ಅಂಥ ಚೂಪು ಕಿರಣ ಬಿಟ್ಟರೆ ಗೋಡೆ ಮೇಲೆ ಒಂದು ಚುಕ್ಕಿ ಮಿಂಚುತ್ತದೆ, ಪಕ್ಕದ ಗುಂಡಿ ಕಾಣುವುದಿಲ್ಲ. ದಿನಬಳಕೆಗೆ ಅಗಲ ಬೆಳಕೇ ಸೈ.

ಇನ್ನೊಂದು ಡಬ್ಬಿಯಲ್ಲಿ 1000 ಲುಮೆನ್, 8 ಗಂಟೆ ಅಂತ ಇತ್ತು. ಇದು ಸುಳ್ಳಲ್ಲ, ಆದರೆ ಓದುವ ರೀತಿ ಗೊತ್ತಿರಬೇಕು. ಒಂದು ಒಳ್ಳೆಯ 18650 ಸೆಲ್‌ನಲ್ಲಿ ಇರುವ ಶಕ್ತಿ 9 ವ್ಯಾಟ್ ಬಲ್ಬನ್ನು ಒಂದು ಗಂಟೆ ಚಿಲ್ಲರೆ ಉರಿಸಬಹುದು, ಅಷ್ಟೇ. ಹಾಗಾದರೆ 8 ಗಂಟೆ ಎಲ್ಲಿಂದ ಬಂತು? ಆ ನಿಯಮದ ಪ್ರಕಾರ ಬೆಳಕು ಮೊದಲಿನ ಹತ್ತನೇ ಒಂದಕ್ಕೆ ಇಳಿಯುವವರೆಗೂ ಗಂಟೆ ಎಣಿಸಬಹುದು. ಎಲ್‌ಇಡಿಗೆ ಹೋದ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖವೇ ಆಗುತ್ತದೆ. ಅಂಗೈಯಗಲದ ಲೋಹ ಆ ಶಾಖವನ್ನು ಹೊರಗೆ ಹಾಕಲಾರದು. ಅದಕ್ಕೇ ಕೆಲವು ನಿಮಿಷಗಳಲ್ಲಿ ಟಾರ್ಚ್ ತಾನಾಗಿಯೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ನಾನು ಕೇಳಿದ್ದು ಮಧ್ಯದ ಮೋಡ್‌ನ ಲೆಕ್ಕ. 150 ಲುಮೆನ್ ಎಷ್ಟು ಹೊತ್ತು? 5 ಲುಮೆನ್ ಎಷ್ಟು ಹೊತ್ತು? ನಿಜವಾಗಿ ಉಪಯೋಗಿಸುವುದು ಅವನ್ನೇ. ನಡುರಾತ್ರಿ ಬಚ್ಚಲಿಗೆ ಹೋಗಲು ಸಾವಿರ ಲುಮೆನ್ ಹಾಕಿದರೆ ಕಣ್ಣು ಕುಕ್ಕಿ, ಆರಿಸಿದ ಮೇಲೆ ಬಹಳ ಹೊತ್ತು ಏನೂ ಕಾಣುವುದಿಲ್ಲ. ಒಂದೆರಡು ಲುಮೆನ್ ಬೇಕಾದಷ್ಟಾಯಿತು.

ನಾನು ಜೇಬಿನಿಂದ ನನ್ನ ಮೊಬೈಲ್ ಚಾರ್ಜರಿನ ಕೇಬಲ್ ತೆಗೆದೆ. ಎರಡೂ ಕಡೆ ಸಿ ತೂತಿಗೆ ಹೋಗುವಂಥದ್ದು. ಅಗ್ಗದ ಎಷ್ಟೋ ಟಾರ್ಚ್‌ಗಳಲ್ಲಿ ತೂತು ಯುಎಸ್‌ಬಿ-ಸಿ ಇರುತ್ತದೆ, ಆದರೆ ಚಾರ್ಜರಿಗೆ ಗುರುತು ಹೇಳುವ ಎರಡು ಪುಟ್ಟ ರೆಸಿಸ್ಟರ್ ಹಾಕದೆ ಬಿಟ್ಟಿರುತ್ತಾರೆ. ಆಗ ಈ ಕೇಬಲ್ ಹಾಕಿದರೆ ಚಾರ್ಜೇ ಆಗುವುದಿಲ್ಲ, ಹಳೆಯ ಅಗಲ ತುದಿಯ ಕೇಬಲ್ ಹುಡುಕಬೇಕು. ಅಲ್ಲಿದ್ದವುಗಳಲ್ಲಿ ಎರಡು ಇಲ್ಲೇ ಫೇಲಾದವು. ಉಳಿದವುಗಳಲ್ಲಿ ಒಂದರ ಸೆಲ್ ಒಳಗೇ ಬೆಸೆದಿತ್ತು. ಅದನ್ನೂ ಬದಿಗಿಟ್ಟೆ. ಲಿಥಿಯಂ ಸೆಲ್ ಎಷ್ಟು ಒಳ್ಳೆಯದಾದರೂ ಕೆಲವು ವರ್ಷಕ್ಕೆ ಸೊರಗುತ್ತದೆ, ಬದಲಾಯಿಸಲು ಬರದಿದ್ದರೆ ಟಾರ್ಚನ್ನೇ ಎಸೆಯಬೇಕು. ಕೊನೆಗೆ ನನಗೆ ಹಿಡಿಸಿದ್ದು ಆ ಸಾವಿರ ಲುಮೆನ್‌ನ 18650 ಟಾರ್ಚೇ.

ಕಾಕಾನ ಪರೀಕ್ಷೆ ಬೇರೆ. ಅವರು ಕಣ್ಣು ಮುಚ್ಚಿಕೊಂಡು ಪ್ರತಿ ಟಾರ್ಚನ್ನೂ ಕೈಗೆ ತಗೊಂಡು ಸ್ವಿಚ್ ಹುಡುಕಿದರು. ಅವರ ಹೆಬ್ಬೆರಳಿನ ಗಂಟು ಸ್ವಲ್ಪ ಬಿಗಿ. ಪಕ್ಕದಲ್ಲಿ ಮೆತ್ತನೆ ಬಟನ್ ಇರುವ ಟಾರ್ಚ್ ಅವರ ಕೈಯಲ್ಲಿ ಎರಡು ಸಲ ಒತ್ತಿದಂತಾಗಿ ಪಕಪಕ ಮಿನುಗತೊಡಗಿತು. "ಇದೇನ್ರೀ, ಆರ್ಕೆಸ್ಟ್ರಾ ಸುರು ಆತಲ್ಲ!" ಅಂತ ಕೆಳಗಿಟ್ಟರು. ಆ ಮಿನುಗುವ ಮೋಡ್ ಯಾರಿಗೆ ಬೇಕೋ ನನಗೂ ಗೊತ್ತಿಲ್ಲ, ಎಲ್ಲದರಲ್ಲೂ ತುರುಕಿರುತ್ತಾರೆ. ಬಾಲದಲ್ಲಿ ಟಕ್ ಅನ್ನುವ ಸ್ವಿಚ್ ಇರುವ ಚಿಕ್ಕದೊಂದು ಅವರಿಗೆ ಹಿಡಿಸಿತು. ಒಂದೇ ಪೆನ್ಸಿಲ್ ಸೆಲ್, ಜಾಸ್ತಿ ಅಂದರೆ ನೂರು ಲುಮೆನ್. ನಾನು ಮುಖ ಸಿಂಡರಿಸಿದೆ.

"ತಮ್ಮಾ, ನಿನ್ನ ಸೆಲ್ ಗಡದ ಬುಡಕಿರೋ ಡೋಣಜೆಯ ಕಿರಾಣಿ ಅಂಗಡ್ಯಾಗ ಸಿಗತೈತೇನು?"

ಸಿಗುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ ಎರಡರ ಮೇಲೂ ಐಪಿಎಕ್ಸ್ 7 ಅಥವಾ ಅದಕ್ಕಿಂತ ಮೇಲು ಇರಲೇಬೇಕು ಅಂತ ನನ್ನ ಹಟ. ಐಪಿಎಕ್ಸ್ 4 ಅಂದರೆ ಸಿಡಿಯುವ ನೀರಿಗೆ ಮಾತ್ರ. 7 ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ಹೋಗಬಾರದು. ಇದೆಲ್ಲ ನಿಂತಿರುವುದು ಮುಚ್ಚಳದ ಒಳಗಿನ ಸಣ್ಣ ರಬ್ಬರ್ ಉಂಗುರದ ಮೇಲೆ. ಅದಕ್ಕೆ ಆಗಾಗ ಸಿಲಿಕೋನ್ ಗ್ರೀಸ್ ಸವರಬೇಕು. ಕೊಬ್ಬರಿ ಎಣ್ಣೆ ನಡೆಯುತ್ತಾ ಅಂತ ಕಾಕಾ ಕೇಳಿದರು. ಅಂಗಡಿಯವರು ತಲೆಗೆ ಹಚ್ಚಿಕೊಳ್ಳಿ ಅಂದರು. ನನ್ನ 18650 ಟಾರ್ಚು, ಅದರ ಮೈ ಅಲ್ಯುಮಿನಿಯಂನದ್ದು, ಅವರೇ ಎದೆ ಎತ್ತರದಿಂದ ಅಂಗಡಿಯ ಕಲ್ಲಿನ ಮೆಟ್ಟಿಲ ಮೇಲೆ ಬೀಳಿಸಿ ತೋರಿಸಿದರು. ಮೂಲೆಯಲ್ಲಿ ಒಂದು ಗೀರು, ಅಷ್ಟೇ. ಆ ಗೀರಿನ ಪೀಸೇ ಕೊಡಿ, ಐವತ್ತು ರೂಪಾಯಿ ಬಿಡಿ ಅಂತ ಕಾಕಾ ಚೌಕಾಸಿ ಮಾಡಿದರು. ಬಿಟ್ಟರು!

ಮಾರನೆಯ ದಿನ ಭಾನುವಾರ. ಐದು ಗಂಟೆಗೆ ಮೊದಲೇ ಸಿಂಹಗಡದ ಬುಡದ ಆತಕರವಾಡಿಯಲ್ಲಿ ಸ್ಕೂಟರ್ ನಿಲ್ಲಿಸಿ ಹತ್ತಲು ಶುರು ಮಾಡಿದೆವು. ಮಳೆ ನಿಂತಿತ್ತು, ಮಂಜು ಮಾತ್ರ ದಟ್ಟ. ನಾನು ಜಂಬದಿಂದ ಪೂರ್ತಿ ಸಾವಿರ ಲುಮೆನ್ ಹಾಕಿದೆ. ಎದುರಿಗೆ ಬಿಳಿ ಗೋಡೆ ಎದ್ದಿತು. ದಾರಿಯೇ ಮಾಯ. ಮಂಜಿನ ಹನಿ ಬೆಳಕನ್ನೆಲ್ಲ ತಿರುಗಿಸಿ ನಮ್ಮ ಕಣ್ಣಿಗೇ ಕಳಿಸುತ್ತದೆ. ಬೆಳಕು ಜಾಸ್ತಿ ಆದಷ್ಟೂ ಗೋಡೆ ದಪ್ಪ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಅಂತ ಮುಂದೆ ಹೋಗುತ್ತಿದ್ದವರೊಬ್ಬರು ಸಲಹೆ ಕೊಟ್ಟರು. ಎಲ್ಲರೂ ಹೇಳುವ ಮಾತು ಅದು. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣವನ್ನೂ ಒಂದೇ ತರಹ ಚೆದರಿಸುತ್ತವೆ.

ಕಾಕಾ ತಮ್ಮ ಚಿಕ್ಕ ಟಾರ್ಚನ್ನು ಮೊಣಕಾಲ ಹತ್ತಿರ ಇಳಿಬಿಟ್ಟು ಹಿಡಿದಿದ್ದರು. ಬೆಳಕು ಕಣ್ಣಿನ ಎದುರು ಹಾಯುವುದೇ ಇಲ್ಲ, ನೆಲದ ಮೇಲೆ ಓರೆಯಾಗಿ ಬೀಳುತ್ತದೆ. ಪ್ರತಿ ಕಲ್ಲಿಗೂ ಉದ್ದ ನೆರಳು. ಎಲ್ಲಿ ತಗ್ಗು, ಎಲ್ಲಿ ಉಬ್ಬು, ಸ್ಪಷ್ಟ. ಹಣೆಗೆ ಟಾರ್ಚ್ ಕಟ್ಟಿಕೊಂಡ ಹುಡುಗರಿಗೆ ಬೆಳಕು ಕಣ್ಣಿನ ಪಕ್ಕದಿಂದಲೇ ಹೋಗುವುದರಿಂದ ನೆರಳು ಕಲ್ಲಿನ ಹಿಂದೆ ಅಡಗಿ, ಎಲ್ಲ ಸಪಾಟು ಕಾಣುತ್ತದೆ. ಅವರು ಮುಗ್ಗರಿಸುತ್ತಲೇ ಇದ್ದರು. ಅದರ ಮೇಲೆ ಸಹ್ಯಾದ್ರಿಯ ಒದ್ದೆ ಕರಿಗಲ್ಲು ಬೆಳಕು ನುಂಗುತ್ತದೆ. ನಾನೂ 150ಕ್ಕೆ ಇಳಿಸಿ, ಸೊಂಟಕ್ಕಿಂತ ಕೆಳಗೆ ಹಿಡಿದೆ. ಆಮೇಲೆ ನಡಿಗೆ ಸಲೀಸಾಯಿತು. ಮಂಜು ಹರಿದ ಒಂದು ತಿರುವಿನಲ್ಲಿ, ದಾರಿ ತಪ್ಪಿ ಪೊದೆಯೊಳಗೆ ನಿಂತಿದ್ದ ಇಬ್ಬರಿಗೆ ದಾರಿ ತೋರಿಸಲು ಮಾತ್ರ ಸಾವಿರ ಲುಮೆನ್ ಕೆಲಸಕ್ಕೆ ಬಂತು. ಆಗ ಕಾಕಾನ ನೂರು ಲುಮೆನ್ ಅಲ್ಲಿಗೆ ಮುಟ್ಟುತ್ತಿರಲಿಲ್ಲ ಅನ್ನುವುದನ್ನು ಇಲ್ಲಿ ದಾಖಲಿಸುತ್ತೇನೆ.

ಮೇಲೆ ಪಿಠಲಾ-ಭಾಕರಿ, ಕಾಂದಾ ಭಜಿ. ಒಲೆಯ ಹಿಂದಿನ ಕತ್ತಲಲ್ಲಿ, ಅಡುಗೆ ಮಾಡಿ ಕೊಡುವ ಮಾವಶಿ ಹಿಟ್ಟಿನ ಡಬ್ಬಿ ಹುಡುಕುತ್ತಿದ್ದರು. ಕಾಕಾ ತಮ್ಮ ಟಾರ್ಚ್ ಕೊಟ್ಟರು. ನಾನೂ ನನ್ನದು ಚಾಚಿದೆ. ಅವರು ಎರಡನ್ನೂ ಹಚ್ಚಿ ಆರಿಸಿ ನೋಡಿ, ನನ್ನದಕ್ಕೆ ಚಾರ್ಜ್ ಮಾಡಬೇಕಾ ಅಂತ ಕೇಳಿದರು. ಹೌದು ಅಂದೆ. ವಾಪಸ್ ಕೊಟ್ಟರು. ಕಾಕಾನದನ್ನು ಭಜಿ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು, ಮುಂದಿನ ಭಾನುವಾರ ಇಂಥದ್ದೇ ಒಂದು ತಂದುಕೊಡಿ, ದುಡ್ಡು ಕೊಡುತ್ತೇನೆ ಅಂದರು.

ಮುಂದಿನ ಶನಿವಾರ ಮತ್ತೆ ತಾಪಕೀರ್ ಗಲ್ಲಿ. ಅದೇ ಅಂಗಡಿ, ಅದೇ ಟಾರ್ಚ್, ಬೆಲೆ ಮೂವತ್ತು ರೂಪಾಯಿ ಜಾಸ್ತಿ. ಕಾಕಾ ಕೌಂಟರ್ ಮೇಲೆ ಎರಡೂ ಮೊಣಕೈ ಊರಿ ಚೌಕಾಸಿಗೆ ನಿಂತರು. ನಾನು ಅಷ್ಟರಲ್ಲಿ ಸಿಲಿಕೋನ್ ಗ್ರೀಸ್ ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತ ಕೇಳಿಕೊಂಡು ಬರಲು ಹೋದೆ.