ದುಡದು ಬಂದ ಮ್ಯಾಲ ತ್ರಾಣ ಎಲ್ಲಿಂದ ತರ್ತೀರಿ?

ಸೆರಗಿನ ಮೇಲೆ ನಾನು ಹಾಕಿದ ಕಸೂತಿಯ ಗೋಪುರವನ್ನು ಜನ ಬೆರಳಿನಿಂದ ಸವರಿ ನೋಡುತ್ತಾರೆ, ಸೀರೆ ಹೊರಳಿಸಿ ಹಿಂಬದಿಯನ್ನೂ ನೋಡುತ್ತಾರೆ, ಆಮೇಲೆ ಕೇಳುತ್ತಾರೆ: "ಅಕ್ಕಾರ, ದಿನಾ ಹುಬ್ಬಳ್ಳಿಗೆ ಹೋಗಿ ದುಡದು ಬರೂದ್ರಾಗ ಜೀವ ಹಣ್ಣಾಗಿರ್ತದ. ಇದಕ್ಕೆಲ್ಲ ತ್ರಾಣ ಎಲ್ಲಿಂದ ತರ್ತೀರಿ?"

ನಾನು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುವವಳು. ಮನೆ ಧಾರವಾಡದಲ್ಲಿ. ಹೊತ್ತು ಸಿಕ್ಕಾಗ ಕಸೂತಿ ಹಾಕುತ್ತೇನೆ. ಈ ಪ್ರಶ್ನೆಯನ್ನು ಹೆಣ್ಣುಮಕ್ಕಳು ಕೇಳಿದರೆ ಅದರಲ್ಲಿ ಆಸೆ ಇರುತ್ತದೆ. ಅವರಿಗೂ ಏನೋ ಒಂದು ಮಾಡಬೇಕಾಗಿದೆ, ಸಂಜೆಗಳು ಕೈಗೆ ಸಿಗುತ್ತಿಲ್ಲ. ಕೆಲವು ಗಂಡಸರು ಕೇಳಿದಾಗ ಮಾತ್ರ "ಹಂಗಾದ್ರ ಮನ್ಯಾಗ ಅಡಿಗಿ ಯಾರು ಮಾಡ್ತಾರ?" ಅನ್ನುವುದು ಒಳಗೆ ಅಡಗಿ ಕೂತಿರುತ್ತದೆ. ಅದಕ್ಕೂ ಉತ್ತರ ಐತಿ, ಸ್ವಲ್ಪ ತಡೀರಿ.

ಮೊದಲ ಮಾತು: ತ್ರಾಣ ಉಳಿದಿರುವುದಿಲ್ಲ. ಸಂಜೆ ಹುಬ್ಬಳ್ಳಿಯ ಹೊಸೂರಿನಲ್ಲಿ ಧಾರವಾಡದ ಚಿಗರಿ ಬಸ್ಸು ಹತ್ತಿ ಸೀಟು ಸಿಕ್ಕರೆ, ಉಣಕಲ್ ಕೆರೆ ದಾಟುವುದರೊಳಗೆ ನನ್ನ ಕಣ್ಣು ಮುಚ್ಚಿರುತ್ತವೆ. ಆದರೆ ಸಂಜೆಯ ಹೊತ್ತಿಗೆ ಏನು ಬತ್ತಿರುತ್ತದೆ ಎಂದು ಸ್ವಲ್ಪ ಬಿಡಿಸಿ ನೋಡಬೇಕು. ಕೈ ಇನ್ನೂ ಗಟ್ಟಿಯೇ ಇರುತ್ತದೆ. ನಿರ್ಧಾರ ಮಾಡುವ ಕಸುವು ಹೋಗಿರುತ್ತದೆ. ಈ ಬಿಲ್ಲು ಪಾಸು ಮಾಡಲೋ, ಆ ವೋಚರು ವಾಪಸು ಕಳಿಸಲೋ ಎಂದು ಇಡೀ ದಿನ ತೂಗಿ ಬಂದ ತಲೆಗೆ ರಾತ್ರಿ ಯಾವ ಪಲ್ಯ ಮಾಡುವುದೆಂಬುದೂ ಭಾರವೇ. ಅಂಥ ತಲೆಯ ಮುಂದೆ ಖಾಲಿ ಬಟ್ಟೆ ಹಾಸಿ "ಏನರ ಚಂದಂದು ಮಾಡು" ಅಂದರೆ ಅದು ಮೊಬೈಲು ಎತ್ತಿಕೊಳ್ಳುತ್ತದೆ. ನಾನು ಅದನ್ನು ಬೈಯುವುದಿಲ್ಲ. ಅದೇ ತಲೆಗೆ ಅರ್ಧ ಹಾಕಿಟ್ಟ ಸಾಲು ಕೊಟ್ಟು ನೋಡಿ, ಕೈ ತಾನಾಗಿ ನಡೆಯುತ್ತದೆ.

ಇದನ್ನು ನನಗೆ ಕಲಿಸಿದ್ದು ಗವಂತಿ. ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿಯಲ್ಲಿ ಸೂಜಿ ಒಮ್ಮೆ ಹೋಗಬೇಕು, ಒಮ್ಮೆ ಬರಬೇಕು. ಹೋಗುವಾಗ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಒಂದು ಗೀಟು ಬಿದ್ದರೆ ಮುಂದಿನದು ಖಾಲಿ. ಬರುವಾಗ ಆ ಖಾಲಿ ಜಾಗಗಳನ್ನು ತುಂಬುತ್ತಾ ಅದೇ ದಾರಿಯಲ್ಲಿ ವಾಪಸು. ಎರಡೂ ಬದಿಗೆ ಒಂದೇ ಚಿತ್ರ ಮೂಡುವುದು ಇದರಿಂದ.

ಕಷ್ಟವೆಲ್ಲ ಹೋಗುವ ಸಾಲಿನಲ್ಲಿದೆ. ಗೋಪುರದ ಮೆಟ್ಟಿಲು ಎಲ್ಲಿ ಒಳಗೆ ಸರಿಯಬೇಕು, ಕಳಸದ ಕವಲಿಗೆ ಎಲ್ಲಿ ಹೊರಳಬೇಕು, ಹಾಗೆ ಹೊರಳಿದ ದಾರ ಮೂಲ ಸಾಲಿಗೆ ಹೆಂಗೆ ಮರಳಬೇಕು, ಎಲ್ಲವೂ ಸೂಜಿ ಚುಚ್ಚುವ ಮೊದಲೇ ಗೊತ್ತಿರಬೇಕು. ಒಂದೇ ಒಂದು ಎಳೆಯ ಲೆಕ್ಕ ತಪ್ಪಿದರೂ ಆ ಕಡೆ ಸುತ್ತಿ ಬಂದಾಗ ತುದಿಗಳು ಕೂಡುವುದಿಲ್ಲ. ಬಿಚ್ಚಬೇಕು. ಬರುವ ಸಾಲಿಗೆ ಈ ತಲೆನೋವಿಲ್ಲ. ಖಾಲಿ ಕಂಡಲ್ಲಿ ತುಂಬುತ್ತಾ ಬಂದರಾಯಿತು. ಮಗಳು ಕಾಲೇಜಿನ ಸುದ್ದಿ ಹೇಳುತ್ತಿದ್ದರೆ ಹೂಂಗುಡುತ್ತಾ ಹಾಕಬಹುದು.

ಹೀಗಾಗಿ ನನ್ನ ಮನೆಯಲ್ಲಿ ಹೋಗುವ ಸಾಲು ಭಾನುವಾರ ಮುಂಜಾನೆಯದು, ಬರುವ ಸಾಲು ವಾರದ ಸಂಜೆಗಳದು. ಭಾನುವಾರ ಕೆಲವು ಬುಟ್ಟಾಗಳನ್ನು, ಅಂದರೆ ಬಿಡಿ ಚಿತ್ರಗಳನ್ನು, ಅರ್ಧರ್ಧ ಹಾಕಿ, ದಾರ ಇದ್ದ ಹಾಗೆಯೇ ಸೂಜಿಗಳನ್ನು ಬಟ್ಟೆಗೆ ಚುಚ್ಚಿ ಬಿಡುತ್ತೇನೆ. ದಣಿದ ಕಣ್ಣಿಗೆ ಟ್ಯೂಬ್‌ಲೈಟಿನ ಬೆಳಕಲ್ಲಿ ಸೂಜಿಗೆ ದಾರ ಪೋಣಿಸುವುದೇ ದೊಡ್ಡ ಕೆಲಸ; ಎಷ್ಟೋ ಸಂಜೆಗಳು ಆ ಸೂಜಿಯ ಕಣ್ಣಿನಲ್ಲೇ ಮುಗಿದುಹೋಗುತ್ತವೆ. ಪೋಣಿಸಿದ ಸೂಜಿ ಕಾಯುತ್ತಾ ಇದ್ದರೆ ಊಟವಾದ ಮೇಲೆ ಕೂತು ನಾಲ್ಕು ಗೀಟು ಹಾಕಿಯೇ ಹಾಕುತ್ತೇವೆ. ಕರೀ ಬಟ್ಟೆಯನ್ನಂತೂ ರಾತ್ರಿ ಮುಟ್ಟಬೇಡಿ. ಚಂದ್ರಕಾಳಿ ಸೀರೆಯ ಮೇಲೆ ದೀಪದ ಬೆಳಕಲ್ಲಿ ಎಳೆ ಎಣಿಸಲು ಹೋದರೆ ಕಣ್ಣೂ ಹೋಯಿತು, ಉಮೇದೂ ಹೋಯಿತು. ಅದು ಕಿಟಕಿಯ ಹಗಲು ಬೆಳಕಿನ ಕೆಲಸ.

ಇನ್ನು ಹೊಸ ಬುಟ್ಟಾ ಯೋಚಿಸುವುದು ಮುಂಜಾನೆಯ ಬಸ್ಸಿನಲ್ಲಿ. ಧಾರವಾಡದಿಂದ ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ತಲೆ ಇನ್ನೂ ತಾಜಾ ಇರುತ್ತದೆ, ತೊಡೆಯ ಮೇಲೆ ಗ್ರಾಫ್ ಪುಸ್ತಕ. ನಮ್ಮ ಅಜ್ಜಿಗೆ ಗ್ರಾಫ್ ಬೇಕಿರಲಿಲ್ಲ ಅನ್ನಿ. ಯಾರದೋ ಸೆರಗಿನ ಮೇಲೆ ತೇರು ನೋಡಿ ಬಂದು ತನ್ನ ಕುಬಸದ ಮೇಲೆ ಇಳಿಸುತ್ತಿದ್ದಳು.

ಇದು ಸೂಜಿಗೆ ಮಾತ್ರ ಒಪ್ಪುವ ಮಾತಲ್ಲ. ನನಗೆ ಗೊತ್ತಿರುವ ಒಬ್ಬಾಕೆ ಕಥೆ ಬರೆಯುತ್ತಾಳೆ. ಗೀಚುವುದು ರಜೆಯ ದಿನ, ಶುದ್ಧ ಪ್ರತಿ ತೆಗೆಯುವುದು ಸಂಜೆ. ಸಂಗೀತ ಕಲಿಯುವವರು ದಣಿದ ಹೊತ್ತಿನಲ್ಲಿ ಹೊಸ ಬಂದೀಶ್, ಅಂದರೆ ಹೊಸ ರಚನೆ, ಹಿಡಿಯದೆ ಸ್ವರಸಾಧನೆಯ ಪಲ್ಟಾ ಹಾಡಿಕೊಂಡರೆ ಸಾಕು. ಹವ್ಯಾಸಿ ನಾಟಕದವರನ್ನು ನೋಡಿ: ಬ್ಯಾಂಕಿನವರು, ಮಾಸ್ತರರು, ಅಂಗಡಿಯವರು, ಎಲ್ಲರೂ ದುಡಿದು ಬಂದವರೇ. ಆದರೂ ಸಂಜೆಯ ತಾಲೀಮಿಗೆ ಹಾಜರ್. ಹೋಗಬೇಕೋ ಬೇಡವೋ ಎಂಬ ಪ್ರಶ್ನೆಯೇ ಅಲ್ಲಿಲ್ಲ, ಎದುರು ಮಾತು ಹೇಳುವವನು ಕಾಯುತ್ತಿರುತ್ತಾನೆ.

"ಮುಂಜಾನಿ ಐದಕ್ಕ ಏಳ್ರಿ, ಎಲ್ಲಾ ಆಗ್ತದ" ಎಂದು ಹೇಳುವವರಿದ್ದಾರೆ. ಆಗುತ್ತದೆ, ಚಹಾ ಬೇರೆಯವರು ಮಾಡಿಕೊಡುವ ಮನೆಯಲ್ಲಿ. ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ. ಬಂದ ದಿನ ಐದಕ್ಕೆ ಎದ್ದವರು ಕೊಡ, ಬ್ಯಾರಲ್ಲು ತುಂಬಿಸುತ್ತಾರೆ, ಗೋಪುರ ಹಾಕುವುದಿಲ್ಲ.

ನನ್ನ ತವರುಮನೆ ಗದಗ. ಅಲ್ಲಿ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬ ಇದೆ. ಗುಡಿಯ ಕೋನೇರಿ ಹೊಂಡದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಆ ಕಂಬಕ್ಕೆ ಒರಗಿ ಕೂತರೆ, ಬಟ್ಟೆ ಆರುವವರೆಗೆ ಅವನಿಗೆ ಪದ್ಯ ಬರುತ್ತಿತ್ತು, ಆರಿದ ಮೇಲೆ ನಿಲ್ಲುತ್ತಿತ್ತು ಎಂದು ಹೇಳುತ್ತಾರೆ. ನಿಜವೋ ಸುಳ್ಳೋ, ಗದುಗಿನ ಬಿಸಿಲು ಕಂಡವರಿಗೆ ಬಟ್ಟೆ ಆರಲು ಎಷ್ಟು ಹೊತ್ತು ಬೇಕೆಂದು ಗೊತ್ತು. ಅಷ್ಟು ಹೊತ್ತಿನ ಮೇಲೆ ನಾನೂ ಕೂಡುವುದಿಲ್ಲ. ದಾರ ಮುಗಿದರೆ ಎದ್ದುಬಿಡುತ್ತೇನೆ, ಇನ್ನೊಂದು ಪೋಣಿಸುವುದಿಲ್ಲ. ಇನ್ನಷ್ಟು ಮಾಡುವ ಆಸೆ ಇದ್ದಾಗಲೇ ಎದ್ದರೆ ನಾಳೆ ಕೂರಲು ಬೇಸರವಾಗುವುದಿಲ್ಲ.

ನಮ್ಮ ಕಡೆ ನೌಕರಿ, ಉದ್ಯೋಗದ ಜೊತೆಗೇ ದೊಡ್ಡ ಕೆಲಸ ಮಾಡಿದವರು ಬಹಳ. ಗದುಗಿನ ಹುಯಿಲಗೋಳ ನಾರಾಯಣರಾಯರು ವಕೀಲರು. ನಾಟಕ ಬರೆದರು, 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ "ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು" ಅವರದೇ. ಹಾವೇರಿ ಕಡೆಯ ಗಳಗನಾಥರು ಶಾಲಾ ಮಾಸ್ತರರಾಗಿದ್ದವರು. ಕಾದಂಬರಿ ಬರೆದು, ತಾವೇ ಹೊತ್ತು ತಿರುಗಿ ಮಾರಿದರು. ಇವರನ್ನು ನೆನೆದಾಗೆಲ್ಲ ಕೈ ಮುಗಿಯುತ್ತೇನೆ, ಜೊತೆಗೆ ಅವರ ಮನೆಗಳಲ್ಲಿ ಒಲೆಯ ಮುಂದೆ ಯಾರು ಕೂತಿದ್ದರು ಅಂತಲೂ ಅನಿಸುತ್ತದೆ. ಅದನ್ನು ಯಾರೂ ಬರೆದಿಟ್ಟಂತಿಲ್ಲ.

ಹಾಗಾಗಿ ನಮ್ಮನೆಯದನ್ನು ನಾನೇ ಬರೆದಿಡುತ್ತೇನೆ. ರಾತ್ರಿಯ ಅನ್ನ, ಸಾರು ನನ್ನ ಗಂಡನದು. ಸಾರು ಕೆಲವೊಮ್ಮೆ ಕುಡಿಯಲು ಬರುವಷ್ಟು ತಿಳಿಯಾಗಿರುತ್ತದೆ, ಯಾರೂ ತಕರಾರು ಎತ್ತುವುದಿಲ್ಲ. ರೊಟ್ಟಿ ಹಿಂದಿನ ಓಣಿಯಲ್ಲಿ ಬಡಿದು ಮಾರುವ ಒಬ್ಬಾಕೆಯ ಹತ್ತಿರ ಕೊಳ್ಳುತ್ತೇವೆ. ಅಂದರೆ ನನ್ನ ತ್ರಾಣದಲ್ಲಿ ಒಂದು ಪಾಲು ಆಕೆಯ ರಟ್ಟೆಯದು. ನಿನಗೆ ಸಂಜೆ ಬಿಡುವಾದರೆ ಏನು ಮಾಡಬೇಕು ಅನಿಸುತ್ತದೆ ಎಂದು ಒಮ್ಮೆ ಕೇಳಿದ್ದೆ. "ಮಲಕೋಬೇಕು ಅನಸ್ತೈತ್ರಿ" ಅಂದಳು.

ಅವಳ ಮಾತು ಖರೆ. ಕೆಲವು ದಣಿವಿಗೆ ಯಾವ ಉಪಾಯವೂ ನಡೆಯುವುದಿಲ್ಲ, ನಿದ್ದೆಯೇ ಬೇಕು. ಮಾರ್ಚಿನಲ್ಲಿ ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ ನಾನು ಸೂಜಿ ಮುಟ್ಟುವುದೇ ಇಲ್ಲ. ಬಟ್ಟೆ ಮಡಚಿ ಟ್ರಂಕಿನಲ್ಲಿಡುತ್ತೇನೆ, ಏಪ್ರಿಲಿನಲ್ಲಿ ತೆಗೆದಾಗ ಎಳೆಗಳೆಲ್ಲ ಇದ್ದಲ್ಲೇ ಇರುತ್ತವೆ.

ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ: "ಇಷ್ಟು ಚಂದ ಮಾಡ್ತೀರಿ, ಆರ್ಡರ್ ಯಾಕ ತಗೋಬಾರದು?" ತಗೊಳ್ಳುವುದಿಲ್ಲ. ಆರ್ಡರ್ ಅಂದರೆ ತಾರೀಖು ಬಂತು, ಅವರ ಬಣ್ಣ ಬಂತು, "ಆತೇನ್ರೀ?" ಅಂತ ಫೋನು ಬಂತು. ಅಂಥದ್ದು ಕಚೇರಿಯಲ್ಲೇ ಸಾಕಷ್ಟಿದೆ. ಕಲಿಯುವ ಮನಸ್ಸಿದ್ದವರು ಭಾನುವಾರ ಹನ್ನೊಂದರ ಮೇಲೆ ಬರ್ರಿ. ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ, ತುದಿ ಮೊಂಡಾದ ಸೂಜಿ, ಎರಡು ಬಣ್ಣದ ದಾರದ ಲಡಿ ನೀವೇ ತರಬೇಕು. ನೀರು ಬರುವ ದಿನವಾಗಿದ್ದರೆ ಮಾತ್ರ ಮೊದಲು ಎರಡು ಕೊಡ ಒಳಗೆ ಇಡಬೇಕಾಗುತ್ತದೆ.